ನಾನೂರು ರೂಪಾಯಿಯ ತಟ್ಟೆ: ಒಂದು ಕಾಲ್ಪನಿಕ ಸಂದರ್ಶನ

ಮನೆಗೆ ಬೀಗ ಹಾಕಿ ಹತ್ತು ದಿನ ಊರಿಗೆ ಹೋದಾಗ ಗಾಜು ಮುಚ್ಚಿದ ಬಾಲ್ಕನಿಯ ಗಿಡಗಳು ಬದುಕಿರಬೇಕಾದರೆ ಎರಡು ಕೆಲಸ ಆಗಬೇಕು. ಗಿಡ ನೀರು ಕಳೆದುಕೊಳ್ಳುವ ವೇಗ ತಗ್ಗಬೇಕು. ಕಳೆದುಕೊಂಡಷ್ಟು ನೀರು ಎಲ್ಲಿಂದಾದರೂ ಬೇರಿಗೆ ಸಿಗಬೇಕು. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಇದಕ್ಕೆ ಮೂರನೆಯದೂ ಸೇರಿಕೊಂಡಿದೆ: ದಂಡ ಬೀಳಬಾರದು. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ, ವಾಹನ ತೊಳೆಯಲು ಬಳಸಕೂಡದೆಂದು ಆದೇಶಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. ಅದೇ ವರ್ಷ ಡೆಂಗಿ ಏರಿದಾಗ, ಸೊಳ್ಳೆ ಮರಿಗಳಿಗೆ ಆಸರೆ ಕೊಟ್ಟ ನಗರದ ಮನೆಗಳಿಗೆ 400 ರೂಪಾಯಿ ದಂಡವೆಂದು ರಾಜ್ಯ ಸರ್ಕಾರ ನಿಯಮ ತಂದಿತು. ನೀರು ಹಾಕಿದರೂ ತಪ್ಪು, ಹಾಕಿದ ನೀರು ನಿಂತರೂ ತಪ್ಪು. ಈ ಎರಡು ತಪ್ಪುಗಳ ನಡುವೆ ಬೋರಲಾಗದೆ ಕುಳಿತಿರುವುದು ಕುಂಡದಡಿಯ ತಟ್ಟೆ. ಬೇಸಿಗೆ ರಜೆ ಬಂದದ್ದರಿಂದ ಸಂದರ್ಶನಕ್ಕೆ ಅದನ್ನೇ ಆರಿಸಲಾಯಿತು.

ಇಟ್ಟಿಗೆ ಬಣ್ಣದ, ಎಂಟಂಗುಲದ ಪ್ಲಾಸ್ಟಿಕ್ ತಟ್ಟೆ ಅದು. ಬೋರ್‌ವೆಲ್ ನೀರು ಒಣಗಿ ಒಣಗಿ ಒಳಗಡೆ ಬಿಳಿಯ ಉಪ್ಪಿನ ಗೆರೆಗಳು ಒಂದರ ಮೇಲೊಂದು ಮೂಡಿದ್ದವು. ಮೇಲೊಂದು ಜರಿಗಿಡ, ಎಲೆಯ ತುದಿಗಳು ಕಂದಾಗಿ ಮುಟ್ಟಿದರೆ ಪುಡಿಯಾಗುವಂತಿದ್ದವು.

ಮೊದಲ ಪ್ರಶ್ನೆ ಹೊರಡುವ ಮುಂಚಿನ ಸಿದ್ಧತೆಯದು. ಹಿಂದಿನ ದಿನ ತಳದ ತೂತಿನಿಂದ ನೀರು ಸೋರುವಷ್ಟು ಮಣ್ಣು ನೆನೆಸುವುದು, ಹೂವು ಮತ್ತು ಹಳದಿ ಎಲೆ ಕೀಳುವುದು, ಕುಂಡಗಳನ್ನು ಬಿಸಿಲು ಬೀಳದ ಮೂಲೆಯಲ್ಲಿ ಒತ್ತೊತ್ತಾಗಿ ಇಡುವುದು ಎಲ್ಲರಿಗೂ ಗೊತ್ತಿರುವ ಕ್ರಮ. ಒಂದರ ಎಲೆ ಬಿಟ್ಟ ಆವಿ ಪಕ್ಕದ್ದಕ್ಕೆ ತೇವವಾಗುತ್ತದೆ. ಮಣ್ಣಿನ ಮೇಲೆ ತೆಂಗಿನ ನಾರು ಹರಡಿದರೆ ಇನ್ನೂ ಒಳ್ಳೆಯದು. ಪಶ್ಚಿಮಕ್ಕೆ ಮುಖ ಮಾಡಿ ಗಾಜು ಜಡಿಸಿಕೊಂಡ ಬಾಲ್ಕನಿಯಾದರೆ ಕಿಟಕಿ ಒಂದಿಷ್ಟು ತೆರೆದಿಡದೆ ಗತ್ಯಂತರವಿಲ್ಲ. ಏಪ್ರಿಲ್ ಮಧ್ಯಾಹ್ನ ಅಲ್ಲಿ ಗಿಡ ಬೇಯುತ್ತದೆ. ಇವುಗಳಲ್ಲಿ ಯಾವುದು ಮುಖ್ಯವೆಂದು ಕೇಳಿದ್ದಕ್ಕೆ ತಟ್ಟೆ ಕೊಟ್ಟ ಉತ್ತರ ಬೇರೆಯೇ.

"ಕಾರು ತೊಳೆದರೆ ಐದು ಸಾವಿರ. ಕಟ್ಟಡ ಕಟ್ಟೋ ಜಾಗದಲ್ಲಿ ಸೊಳ್ಳೆ ಮರಿ ಸಿಕ್ಕರೆ ಎರಡು ಸಾವಿರ. ನನ್ನಲ್ಲಿ ಸಿಕ್ಕರೆ ನಾನೂರು. ನನ್ನ ಯೋಗ್ಯತೆ ಅಷ್ಟೇನಾ ಸ್ವಾಮಿ? ಹಳ್ಳಿ ತಟ್ಟೆಗಂತೂ ಇನ್ನೂರೇ ಅಂತೆ!"

ದಂಡ ಕಡಿಮೆಯಾದದ್ದು ಮನೆಯವರಿಗೆ ಅನುಕೂಲವಲ್ಲವೇ ಎಂದು ಸಂದರ್ಶಕರು ಸಮಾಧಾನ ಹೇಳಿದರೂ ಅದು ತಟ್ಟೆಗೆ ಹಿಡಿಸಲಿಲ್ಲ.

ಎರಡನೆಯದು ಬತ್ತಿಯ ವಿಧಾನ. ಹಳೆಯ ಕಾಟನ್ ಸೀರೆಯ ಅಂಚನ್ನು ಹರಿದು, ಹೊಸೆದು, ಪೂರ್ತಿ ನೆನೆಸಿ, ಒಂದು ತುದಿಯನ್ನು ಬಕೆಟ್ಟಿನ ತಳಕ್ಕೆ ಇಳಿಬಿಟ್ಟು ಇನ್ನೊಂದನ್ನು ಬೇರಿನ ಹತ್ತಿರ ಹೂಳಬೇಕು. ಎಳೆಗಳ ನಡುವಿನ ಸಣ್ಣ ಸಂದುಗಳಲ್ಲಿ ನೀರು ತಾನೇ ಏರುತ್ತದೆ. ಮಣ್ಣು ಒಣಗಿದಷ್ಟೂ ಎಳೆದುಕೊಳ್ಳುತ್ತದೆ. ಇದರಲ್ಲಿ ಎಡವುವವರು ಸಾಮಾನ್ಯವಾಗಿ ಅತಿ ಕಾಳಜಿಯವರೇ. ಬಕೆಟ್ಟನ್ನು ಸ್ಟೂಲಿನ ಮೇಲೆ ಎತ್ತರಕ್ಕಿಟ್ಟರೆ ಬತ್ತಿ ಕೊಳವೆಯಂತೆ ವರ್ತಿಸಿ ಹತ್ತು ದಿನದ ನೀರನ್ನು ಬೇಗನೆ ಕೆಳಗಿಳಿಸಿಬಿಡುತ್ತದೆ. ಬಕೆಟ್ಟಿನ ನೀರಿನ ಮಟ್ಟ ಕುಂಡದ ಮಣ್ಣಿಗಿಂತ ಕೆಳಗೇ ಇರಬೇಕು. ಬಕೆಟ್ಟಿನ ಬಾಯಿಗೆ ಬಟ್ಟೆ ಕಟ್ಟಬೇಕು. ಇಲ್ಲದಿದ್ದರೆ ಮತ್ತೆ ನಾನೂರರ ಮಾತು.

ಬತ್ತಿಯ ವಿಷಯ ತಟ್ಟೆಗೆ ಬೇಡ. ಅದಕ್ಕೆ ಹೇಳಿಕೊಳ್ಳಬೇಕಾಗಿದ್ದದ್ದು ಫ್ರಿಜ್ಜಿನದು. "ಫ್ರಿಜ್ ಹಿಂದೆ ಒಂದು ತಟ್ಟೆ ಇದೆ, ನೋಡಿದೀರಾ? ನೀರು ತೊಟ್ಟಿಕ್ಕಿ ಅಲ್ಲೇ ನಿಲ್ಲುತ್ತೆ. ಈಡಿಸ್ ಸೊಳ್ಳೆ ಆರಾಮಾಗಿ ಮೊಟ್ಟೆ ಇಡುತ್ತೆ. ಸರ್ವೆಗೆ ಬಂದವರು ಬಾಗಿಲಲ್ಲಿ ನಿಂತು ನೇರ ನನ್ನ ಮೇಲೆ ಟಾರ್ಚ್ ಬಿಡ್ತಾರೆ. ಫ್ರಿಜ್ಜನ್ನ ಎಳೆದು ನೋಡೋ ತಾಕತ್ತು ಯಾರಿಗೂ ಇಲ್ಲ. ಎತ್ತಿಗೆ ಜ್ವರ, ಎಮ್ಮೆಗೆ ಬರೆ!"

ದೂರಿನಲ್ಲಿ ಹುರುಳಿದೆ. ಫ್ರಿಜ್ಜಿನ ಹಿಂದಿನ ತಟ್ಟೆ, ಬಿಸಾಡಿದ ಟೈರು, ತೆಂಗಿನ ಚಿಪ್ಪು, ಮುಚ್ಚದ ಡ್ರಮ್ಮು ಎಲ್ಲವೂ ಈಡಿಸ್ ಈಜಿಪ್ಟೈಗೆ ಸಮಾನವಾಗಿ ಸಲ್ಲುತ್ತವೆ. ಬೇಸಿಗೆಯ ಸೆಖೆಯಲ್ಲಿ ಮೊಟ್ಟೆ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ಸರಿಯಾಗಿ ಒಂದು ರಜೆಯ ಅವಧಿ.

ಈ ಹಂತದಲ್ಲಿ ಸಂದರ್ಶಕರು ತಮ್ಮ ಇಷ್ಟದ ವಿಷಯಕ್ಕೆ ಜಾರಿದರು. 1829ರಲ್ಲಿ ಲಂಡನ್ನಿನ ಪೂರ್ವಭಾಗದ ವೈದ್ಯ ನಥಾನಿಯಲ್ ಬ್ಯಾಗ್‌ಶಾ ವಾರ್ಡ್ ಒಂದು ಪತಂಗದ ಕೋಶವನ್ನು ತೇವದ ಮಣ್ಣಿನೊಂದಿಗೆ ಮುಚ್ಚಿದ ಬಾಟಲಿಯಲ್ಲಿಟ್ಟಿದ್ದರು. ಪತಂಗಕ್ಕಿಂತ ಮುಖ್ಯವಾದದ್ದು ಮಣ್ಣಿನಲ್ಲಿ ಮೊಳೆತ ಜರಿಗಿಡ. ಹೊರಗೆ, ಕಲ್ಲಿದ್ದಲ ಹೊಗೆಯಲ್ಲಿ, ಅವರು ಬೆಳೆಸಲು ಯತ್ನಿಸಿದ ಜರಿಗಿಡಗಳು ಸತ್ತಿದ್ದವು. ಬಾಟಲಿಯೊಳಗಿನದು ನೀರು ಕೇಳದೆ ಬೆಳೆಯಿತು. ಹಗಲು ಎದ್ದ ಆವಿ ಗಾಜಿಗೆ ತಾಗಿ ಹನಿಯಾಗಿ ಮಣ್ಣಿಗೇ ಇಳಿಯುತ್ತಿತ್ತು. 1833ರಲ್ಲಿ ಅಂಥ ಎರಡು ಗಾಜಿನ ಪೆಟ್ಟಿಗೆಗಳು ತಿಂಗಳುಗಟ್ಟಲೆ ಹಡಗಿನಲ್ಲಿದ್ದು ಸಿಡ್ನಿಗೆ ಜೀವಂತ ತಲುಪಿದವು. ಚೀನಾದ ಚಹಾ ಸಸಿಗಳು ಹಿಮಾಲಯದ ಅಡಿಗೆ ಬಂದದ್ದು, ಸಿಂಕೋನಾ ನೀಲಗಿರಿಗೆ ಬಂದದ್ದು ಇಂಥ ಪೆಟ್ಟಿಗೆಗಳಲ್ಲೇ. ಇಷ್ಟನ್ನು ಒಂದೇ ಉಸಿರಿಗೆ ಹೇಳಿ ಸಂದರ್ಶಕರು, ವಾರ್ಡ್ ಬಗ್ಗೆ ತಮ್ಮ ಅಭಿಪ್ರಾಯವೇನು ಎಂದು ತಟ್ಟೆಯನ್ನು ಕೇಳಿದರು.

"ಅವರ ಪೆಟ್ಟಿಗೆಗೆ ತಟ್ಟೆ ಇತ್ತಾ?" ಎಂದಿತು ತಟ್ಟೆ. ಇರಲಿಲ್ಲ ಎಂದಾಗ ಮಾತು ಅಲ್ಲಿಗೆ ನಿಂತಿತು.

ಆದರೂ ವಾರ್ಡ್ ಉಪಾಯ ಇಂದಿಗೂ ಉಪಯುಕ್ತ. ನೆನೆಸಿದ ಜರಿಗಿಡಕ್ಕೆ ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಚೀಲ ಹೊದಿಸಿ, ಎಲೆಗೆ ತಾಗದಂತೆ ಕಡ್ಡಿ ಊರಿ, ನೆರಳಿನಲ್ಲಿಟ್ಟರೆ ಹತ್ತು ದಿನ ಕಳೆಯುತ್ತದೆ. ಕಳ್ಳಿ, ಲೋಳೆಸರಗಳಿಗೆ ಈ ಉಪಚಾರ ಸಲ್ಲದು, ಕೊಳೆಯುತ್ತವೆ. ಅವನ್ನು ಸುಮ್ಮನೆ ಬಿಟ್ಟು ಹೋದರೂ ಬದುಕುತ್ತವೆ.

ಬೋರಲು ಬಾಟಲಿಯ ಬಗ್ಗೆ ಹೆಚ್ಚು ಹೇಳುವಂಥದ್ದೇನಿಲ್ಲ. ನೀರು ತುಂಬಿದ ಬಾಟಲಿಯ ಮುಚ್ಚಳಕ್ಕೆ ಸೂಜಿಯಲ್ಲಿ ತೂತು ಮಾಡಿ ತಲೆಕೆಳಗಾಗಿ ಸಿಕ್ಕಿಸಿದರೆ ಸಡಿಲ ಮಣ್ಣಿನಲ್ಲಿ ಸಂಜೆಯೊಳಗೆ ಖಾಲಿ, ಜಿಗುಟು ಮಣ್ಣಿನಲ್ಲಿ ಹನಿಯೂ ಇಳಿಯದು. ಗಡಿಗೆ ಇದಕ್ಕಿಂತ ಮೇಲು. ಮೆರುಗು ಹಚ್ಚದ ಮಣ್ಣಿನ ಗಡಿಗೆಯನ್ನು ಕತ್ತಿನವರೆಗೆ ಹೂಳಿ ನೀರು ತುಂಬಿ ಮುಚ್ಚಿದರೆ ಗೋಡೆಯಿಂದ ಜಿನುಗುವ ನೀರನ್ನು ಬೇರು ಹುಡುಕಿಕೊಂಡು ಬರುತ್ತದೆ. ಎರಡು ಸಾವಿರ ವರ್ಷಗಳ ಹಿಂದಿನ ಚೀನಾದ ಕೃಷಿ ಗ್ರಂಥದಲ್ಲೂ ಇದರ ವಿವರ ಇದೆ. ಗಡಿಗೆ ಹಿಡಿಸುವಷ್ಟು ದೊಡ್ಡ ಕುಂಡ ಬೇಕು, ಅಷ್ಟೆ. ನಲ್ಲಿಗೆ ತಿರುಗಿಸುವ ಡ್ರಿಪ್ ಟೈಮರ್ ಬೆಳಿಗ್ಗೆ ಆರಕ್ಕೆ ನಿಷ್ಠೆಯಿಂದ ತೆರೆದು ಐದು ನಿಮಿಷಕ್ಕೆ ಮುಚ್ಚಿಕೊಳ್ಳುತ್ತದೆ. ಬೇಸಿಗೆಯಲ್ಲಿ ಅಸೋಸಿಯೇಷನ್ ನೀರು ಬಿಡುವುದು ಏಳಕ್ಕೆ.

ಯಾವ ನೀರು ಎಂಬುದೂ ಪ್ರಶ್ನೆಯೇ. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರ, ಮೂರು ಹಂತಗಳಲ್ಲಿ ಪಂಪ್ ಮಾಡಿ ತಂದ ಕಾವೇರಿ ನೀರನ್ನು ಮನಿ ಪ್ಲಾಂಟಿಗೆ ಸುರಿಯಬೇಡಿ ಎಂಬ ಆದೇಶದಲ್ಲಿ ತಪ್ಪೇನೂ ಕಾಣದು. ಅಕ್ಕಿ, ತರಕಾರಿ ತೊಳೆದ ನೀರು ಒಳ್ಳೆಯದು, ಆದರೆ ಊರಿಗೆ ಹೋದವರ ಮನೆಯಲ್ಲಿ ಅಕ್ಕಿ ತೊಳೆಯುವವರು ಯಾರು? ಆರ್‌ಓ ಯಂತ್ರ ಹೊರಬಿಡುವ ನೀರನ್ನು ಬಕೆಟ್ಟಿನಲ್ಲಿ ಹಿಡಿದಿಡಬಹುದು. ಅದರ ಲವಣಕ್ಕೆ ಜರಿಗಿಡದ ಎಲೆ ತುದಿ ಸುಡುತ್ತದೆ.

ಇನ್ನು ತಟ್ಟೆಯ ಸ್ವಂತ ವಿಧಾನ. ತಟ್ಟೆಯಲ್ಲಿ ನಿಂತ ನೀರನ್ನು ಮಣ್ಣು ಕೆಳಗಿನಿಂದ ಹೀರುತ್ತದೆ. ಒಂದೆರಡು ದಿನಕ್ಕೆ ಇದು ಸರಿ. ವಾರಗಟ್ಟಲೆ ನಿಂತರೆ ಬೇರಿಗೆ ಗಾಳಿಯಿಲ್ಲದೆ ಕೊಳೆತ ಶುರು. ತಟ್ಟೆಗೆ ಮರಳು ತುಂಬಿ ಮರಳಿನ ಮಟ್ಟಕ್ಕಿಂತ ಕೆಳಗೆ ನೀರು ನಿಲ್ಲಿಸಿದರೆ ತೇವವೂ ಉಳಿಯುತ್ತದೆ, ಸೊಳ್ಳೆಗೂ ಎಡೆಯಿರುವುದಿಲ್ಲ. ತನ್ನದೇ ವಿಷಯ ಬಂದರೂ ತಟ್ಟೆ ಮತ್ತೆ ಫ್ರಿಜ್ಜಿನ ಕಡೆಗೇ ತಿರುಗಿತು.

ಕೊನೆಯ ವಿಧಾನ, ಎಲ್ಲಕ್ಕಿಂತ ಹೆಚ್ಚು ರೂಢಿಯಲ್ಲಿರುವುದು, ಬೀಗದ ಕೈಯನ್ನು ಮನೆಗೆಲಸದಾಕೆಯ ಕೈಗಿಡುವುದು. "ದಿನಾ ಒಂದು ಚೊಂಬು ನೀರು ಹಾಕ್ಬಿಟ್ಟು ಹೋಗಮ್ಮ, ಅಷ್ಟೇ." ಬತ್ತಿ, ಗಡಿಗೆ, ಟೈಮರ್ ಎಲ್ಲ ಏರ್ಪಾಟಿನ ಜೊತೆಗೂ ಈ ಮಾತು ಇದ್ದೇ ಇರುತ್ತದೆ. ಆಕೆಯ ಬಗ್ಗೆ ಕೇಳಿದಾಗ ತಟ್ಟೆ ದಂಡದ ಮಾತೆತ್ತಲಿಲ್ಲ.

"ಹತ್ತು ದಿನ ಪಾತ್ರೆ ಇಲ್ಲ, ಗುಡಿಸೋದು ಇಲ್ಲ ಅಂತ ಸಂಬಳದಲ್ಲಿ ಹತ್ತು ದಿನ ಮುರೀತಾರೆ. ಅದೇ ಹತ್ತು ದಿನ ಇವಳು ಬರಬೇಕು. ಬಸ್ ಇಳಿದು, ಗೇಟಲ್ಲಿ ಹೆಸರು ಬರೆದು, ಸರ್ವಿಸ್ ಲಿಫ್ಟಿಗೆ ಕಾದು. ನನಗೆ ನೀರು ಹಾಕ್ತಾ ಒಂದು ಸಲ ಹೇಳಿದ್ದಳು, ಅವಳ ಬೀದೀಲಿ ಟ್ಯಾಂಕರ್ ಬಂದು ಆರು ದಿನ ಆಯ್ತಂತೆ."

ಇಲ್ಲಿ ನಗುವಂಥದ್ದೇನೂ ಇಲ್ಲ. ಮನೆಗೆಲಸದವರಿಗೆ ಕನಿಷ್ಠ ವೇತನ ಗೊತ್ತುಮಾಡಿದ ರಾಜ್ಯ ಇದು, ಅದೂ 2004ರಲ್ಲಿ. 2024ರ ಆ ಬೇಸಿಗೆಯಲ್ಲಿ ಕುಡಿಯುವ ನೀರಿನ ಘಟಕಗಳ ಮುಂದೆ ಕ್ಯಾನ್ ಹಿಡಿದು ಸಾಲು ನಿಂತವರಲ್ಲಿ ಇಂಥ ಮನೆಗಳಲ್ಲಿ ದುಡಿಯುವ ಹೆಂಗಸರೂ ಇದ್ದರು; ಕೆಲವೆಡೆ ಒಬ್ಬರಿಗೆ ಒಂದೇ ಕ್ಯಾನ್. ಕೊಡ ನೀರಿಗೆ ಸಾಲು ನಿಂತಾಕೆ ಅಲ್ಲಿಂದ ಹೊರಟು, ಯಾರೂ ಇಲ್ಲದ ಮನೆಯ ಬೀಗ ತೆಗೆದು, ಅಲಂಕಾರದ ಎಲೆಗಳಿಗೆ ನೀರುಣಿಸಿ, ಆ ದಿನದ ಕೂಲಿಯಿಲ್ಲದೆ ವಾಪಸು ಹೋಗುತ್ತಾಳೆ. ಟೈಮರಿಗೆ, ಬ್ಯಾಟರಿಗೆ ಬಿಲ್ ಪಾವತಿಸುವವರು ಇವಳಿಗೆ ಮಾತ್ರ ಊರಿನಿಂದ ಒಂದು ಪೊಟ್ಟಣ ಚಕ್ಕುಲಿ ತರುತ್ತಾರೆ. ರಜೆಯ ಸಂಬಳ ಮುರಿಯಬಾರದು. ನೀರು ಹಾಕಲು ಬಂದದ್ದಕ್ಕೆ, ಬಸ್ಸಿಗೆ, ಬೇರೆಯಾಗಿ ಕೊಡಬೇಕು. ಇದು ಔದಾರ್ಯವಲ್ಲ, ಬಾಕಿ.

ವಾರ್ಡ್ ಪೆಟ್ಟಿಗೆಯಿದ್ದರೆ ಆಕೆ ಬರಬೇಕಾದ್ದೇ ಇರಲಿಲ್ಲವಲ್ಲ ಎಂದು ಸಂದರ್ಶಕರು ಹೇಳಹೊರಟರು. ತಟ್ಟೆ ಆ ಮಾತಿಗೆ ಉತ್ತರಿಸಲಿಲ್ಲ.

ಉಳಿದದ್ದು ಊರಿನಿಂದ ಬಂದ ಮೇಲಿನ ಕೆಲಸ. ಬಾಡಿದ ಗಿಡವನ್ನು ಗಾಬರಿಯಿಂದ ಬಿಸಿಲಿಗೆ ತಳ್ಳಬಾರದು. ಪೂರ್ತಿ ಒಣಗಿದ ಕುಂಡದ ಮಣ್ಣು ಮೇಲಿನಿಂದ ಸುರಿದ ನೀರನ್ನು ಹಿಡಿಯದು. ಅದು ಕುಂಡದ ಬದಿಯಿಂದ ಜಾರಿ ತಳಕ್ಕೆ ಹೋಗುತ್ತದೆ. ಕುಂಡವನ್ನೇ ಬಕೆಟ್ ನೀರಿನಲ್ಲಿ ಮುಳುಗಿಸಿ ಗುಳ್ಳೆ ನಿಲ್ಲುವವರೆಗೆ ಬಿಟ್ಟು, ಆಮೇಲೆ ಬಸಿಯಬೇಕು. ಗೊಬ್ಬರ ಒಂದೆರಡು ವಾರ ಬೇಡ. ತಟ್ಟೆಯ ನೀರು ಚೆಲ್ಲಿದರಷ್ಟೇ ಸಾಲದು. ಈಡಿಸ್ ಮೊಟ್ಟೆಗಳು ನೀರಿನ ಗೆರೆಗಿಂತ ತುಸು ಮೇಲೆ ಒಳಗೋಡೆಗೆ ಅಂಟಿರುತ್ತವೆ. ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿದ್ದು ಮತ್ತೆ ನೀರು ಬಿದ್ದಾಗ ಒಡೆಯುತ್ತವೆ. ಬ್ರಷ್ಷಿನಿಂದ ಅಂಚನ್ನು ಗಸಗಸ ಉಜ್ಜಬೇಕು.

ಉಜ್ಜಿಸಿಕೊಳ್ಳಲು ತಟ್ಟೆಯ ಅಭ್ಯಂತರವಿಲ್ಲ, ಫ್ರಿಜ್ಜಿನದನ್ನು ಮೊದಲು ಉಜ್ಜಿದರೆ.