ಬಿಸಿ ಕಾಫಿಯ ಭಾಗ್ಯ

ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ ಮೊದಲೆರಡು ಮಕ್ಕಳ ಹೆರಿಗೆ ರಜೆಯನ್ನು 12 ವಾರದಿಂದ 26ಕ್ಕೆ ಏರಿಸಿತು, ಸರಿ. ರಜೆ ಮುಗಿದ ಮೇಲಿನ ಸುಖಗಳ ಬಗ್ಗೆ ಮಾತ್ರ ಕಾಯ್ದೆಯಲ್ಲಿ ಚಕಾರವಿಲ್ಲ. ಆಫೀಸಿನ ಬಿಸಿ ಕಾಫಿಯನ್ನೇ ತಗೊಳ್ಳಿ. ಮನೆಯಲ್ಲಾದರೆ ಲೋಟ ಬಾಯಿಗಿಟ್ಟೊಡನೆ ತೊಟ್ಟಿಲಿನಿಂದ ಆಲಾಪನೆ ಶುರು. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕರಂತೂ ಸೊಂಪು ನಿದ್ದೆ. ಟ್ರಾಫಿಕ್ ಜಾಮಿಗೆ ಕೈಮುಗಿಯುವವಳು ಬೆಂಗಳೂರಿನಲ್ಲಿ ನಾನೊಬ್ಬಳೇ ಇರಬೇಕು.

ಮೊನ್ನೆ ಮೀಟಿಂಗಿನಲ್ಲಿ ಮ್ಯಾನೇಜರ್ ನನ್ನ ಹೆಗಲನ್ನೇ ನೋಡುತ್ತಿದ್ದರು. ಇಸ್ತ್ರಿ ಮಾಡಿದ ಕುರ್ತಾ ಮೇಲೆ ಕೂಸಿನ ಕಾಡಿಗೆ ಬೊಟ್ಟು! "ದೃಷ್ಟಿಗೆ ಸಾರ್" ಅಂದೆ. ಅಪ್ರೈಸಲ್ ಹತ್ತಿರವಿತ್ತಲ್ಲ.

ಸಂಜೆ ಬಾಗಿಲು ತೆಗೆದ ಅತ್ತೆ, "ಬೆಳಗಿನಿಂದ ಒಂದು ಸಲವೂ ಅಳಲಿಲ್ಲ ನೋಡಮ್ಮ" ಎಂದರು. ನನ್ನ ಮುಖ ಕಂಡದ್ದೇ ತಡ, ಕೂಸಿನ ದನಿ ತಾರಕಕ್ಕೇರಿತು. ಒಳಗೊಳಗೇ ಎಂಥ ಹೆಮ್ಮೆ ಅಂತೀರಿ!