ತೊಡೆಮೂಳೆಯ ತಕರಾರು

ನನ್ನ ಅಪ್ಪ-ಅಮ್ಮನ ಜಾತಕ ಕೂಡಿಸಿದ ಜೋಯಿಸರು ಗಣ, ನಾಡಿ, ಯೋನಿ ಎಲ್ಲ ನೋಡಿದ್ದರಂತೆ. ಹುಟ್ಟುವ ಮಗ ಮುಂದೊಂದು ದಿನ ಡೆಡ್‌ಲಿಫ್ಟ್ ಮಾಡಿಯಾನು ಎಂಬುದನ್ನು ಮಾತ್ರ ನೋಡಲಿಲ್ಲ. ಹೀಗಾಗಿ ಅಪ್ಪನ ಕಡೆಯ ಉದ್ದ ಕಾಲೂ ಅಮ್ಮನ ಕಡೆಯ ಮೋಟುಗೈಯೂ ನನ್ನೊಬ್ಬನಲ್ಲೇ ಬಂದು ಸೇರಿದವು. ಬಸ್ಸಿನಲ್ಲಿ ಮೊಣಕಾಲು ಮುಂದಿನ ಸೀಟಿಗೆ ಒತ್ತುತ್ತದೆ. ರೆಡಿಮೇಡ್ ಅಂಗಿಯ ತೋಳು ಬೆರಳನ್ನೂ ಮುಚ್ಚುತ್ತದೆ.

ನೆಲದ ಮೇಲಿನ ರಾಡು ಹಿಡಿದು ನೆಟ್ಟಗೆ ನಿಲ್ಲುವುದು, ಡೆಡ್‌ಲಿಫ್ಟ್ ಅಂದರೆ ಇಷ್ಟೇ. ಇಷ್ಟು ಸರಳ ವ್ಯಾಯಾಮ ಇನ್ನೊಂದಿಲ್ಲ, ಇಷ್ಟು ಉಪದೇಶ ಕೇಳಿಸಿಕೊಳ್ಳಬೇಕಾದದ್ದೂ ಇನ್ನೊಂದಿಲ್ಲ. ದೊಡ್ಡ ಪ್ಲೇಟಿನ ವ್ಯಾಸ 45 ಸೆಂಟಿಮೀಟರ್. ಹಾಗಾಗಿ ರಾಡು ನೆಲದಿಂದ 22.5 ಸೆಂಟಿಮೀಟರ್ ಎತ್ತರದಲ್ಲಿ ಗರ್ಭಗುಡಿಯ ದೇವರ ಹಾಗೆ ಕೂತಿರುತ್ತದೆ. ಐದಡಿಯವಳು ಬರಲಿ, ಆರಡಿಯವ ಬರಲಿ, ಬಗ್ಗಬೇಕಾದವರು ನಾವೇ.

“ಸರ್, ಸೊಂಟ ಇಳಿಸಿ, ಎದೆ ಎತ್ತಿ” ಎಂಬುದು ನಮ್ಮ ಟ್ರೇನರ್‌ನ ನಿತ್ಯಮಂತ್ರ. ಅವನು ಗಿಡ್ಡ ಕಾಲಿನ ಆಜಾನುಬಾಹು. ಅವನಿಗೆ ಅದು ಸಲೀಸು. ನಾನು ಸೊಂಟ ಇಳಿಸಿದೆನೋ, ಮೊಣಕಾಲು ಮುಂದೆ ನುಗ್ಗಿ ಕಣಕಾಲಿನ ಎಲುಬು ರಾಡನ್ನು ಕಾಲ್ಬೆರಳ ಕಡೆ ತಳ್ಳುತ್ತದೆ. ರಾಡು ಪಾದದ ನಡುಭಾಗದ ನೇರಕ್ಕಿಲ್ಲದಿದ್ದರೆ ಭಾರ ಜಗ್ಗುವುದಿಲ್ಲ. ಆದ್ದರಿಂದ ಎಳೆಯುವ ಗಳಿಗೆಯಲ್ಲಿ ಸೊಂಟವು ಗುರುವಿನ ಮಾತಿಗೆ ಕಿವಿಗೊಡದೆ ತಾನಾಗಿ ಮೇಲೆದ್ದು ತನ್ನ ಜಾಗ ಹಿಡಿಯುತ್ತದೆ. ರಾಡು ಏಳುವುದು ಆಮೇಲೆ. ಎರಡೂ ಕಾಲಿನ ಚರ್ಮ ರಾಡಿನ ಗೀರುಗಳಿಗೆ ತರೆದು ಕೆಂಪಾಗುವವರೆಗೂ ಈ ಸತ್ಯ ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಅಮೆರಿಕದ ಪವರ್‌ಲಿಫ್ಟರ್ ಲಾಮಾರ್ ಗ್ಯಾಂಟ್ 1985ರಲ್ಲಿ ಡೆಡ್‌ಲಿಫ್ಟ್‌ನಲ್ಲಿ ತನ್ನ ದೇಹತೂಕದ ಐದು ಪಟ್ಟು, ಸುಮಾರು 300 ಕಿಲೋ, ಎತ್ತಿದ. ಅದಕ್ಕೂ ಮೊದಲು ಅಷ್ಟು ಪಟ್ಟು ಎತ್ತಿದವರಿರಲಿಲ್ಲ. ಅವನ ಬೆನ್ನುಮೂಳೆ ಪಕ್ಕಕ್ಕೆ ಬಾಗಿತ್ತು, ಕೈಗಳೋ ಬಲು ಉದ್ದ. ಬೆನ್ನು ಬಾಗಿ ಮುಂಡ ಕುಗ್ಗಿದಷ್ಟೂ ಕೈ ಕೆಳಗಿಳಿಯುತ್ತಿತ್ತು, ರಾಡು ಮೇಲೇರಬೇಕಾದ ದೂರ ಕಡಿಮೆಯಾಗುತ್ತಿತ್ತು. ಪುಸ್ತಕದ ಚಿತ್ರಕ್ಕೆ ಹೊಂದುವ ಮೈ ಅದಲ್ಲ. ಟ್ರೇನರ್‌ಗೆ ಈ ಕಥೆ ಹೇಳಿದೆ. “ಹಾಗಾದರೆ ಸುಮೋ ಟ್ರೈ ಮಾಡಿ ಸರ್” ಎಂದ. ಕಾಲು ಅಗಲಿಸಿ, ಕೈಗಳನ್ನು ಕಾಲುಗಳ ನಡುವೆ ಇಳಿಬಿಟ್ಟು ಎತ್ತುವ ಬಗೆ ಅದು; ಮುಂಡ ಅಷ್ಟು ಬಾಗಬೇಕಿಲ್ಲ. ಕೆಲವರು ಅದನ್ನು ಮೋಸ ಎನ್ನುತ್ತಾರೆ. ಪವರ್‌ಲಿಫ್ಟಿಂಗ್ ನಿಯಮ ಒಪ್ಪಿರುವಾಗ ಇವರದ್ದೇನು ಗೋಳು? ಆದರೆ ನನ್ನ ಸೊಂಟದ ಕೀಲು ಅಷ್ಟು ಅಗಲಕ್ಕೆ ಒಪ್ಪಬೇಕಲ್ಲ!

ಕೊನೆಗೆ ರಾಜಿಯಾಯಿತು. ಸೊಂಟ ತುಸು ಮೇಲೆ, ಮುಂಡ ಹೆಚ್ಚು ಮುಂದಕ್ಕೆ, ಬೆನ್ನು ಮಾತ್ರ ಗೂನಾಗದಂತೆ ಬಿಗಿ. ಎರಡೂ ಬದಿಯ ಪ್ಲೇಟುಗಳ ಕೆಳಗೆ ತೆಳ್ಳನೆಯ ಪ್ಲೇಟೊಂದೊಂದನ್ನು ಮಲಗಿಸಿ ದೇವರನ್ನೇ ಕೊಂಚ ಮೇಲೆತ್ತಿದೆವು.

ಈ ಶಾಸ್ತ್ರವನ್ನೆಲ್ಲ ಮನೆಯಲ್ಲೂ ವಿವರಿಸಿದೆ, 25 ಕಿಲೋ ಅಕ್ಕಿಮೂಟೆ ಅಡುಗೆಮನೆಗೆ ಹೋಗಬೇಕಿದ್ದ ಹೊತ್ತಿನಲ್ಲಿ. ತೊಡೆಮೂಳೆ ಉದ್ದವಿದ್ದವರಿಗೆ ನೆಲದಿಂದ ಎತ್ತುವುದು ಎಷ್ಟು ಪ್ರತಿಕೂಲ ಎಂದು ಸಾದ್ಯಂತವಾಗಿ ಹೇಳಿದೆ.

“ತೊಡೆಮೂಳೆ ನಾನು ಕಂಡಿಲ್ಲ, ನಾಲಿಗೆಯಂತೂ ಉದ್ದವೇ ಇದೆ. ಎತ್ತಿ ರೀ” ಎಂದಳು ಹೆಂಡತಿ.