ಅಪ್ಪಿದ ಮರ

1969ರ ಗಾಂಧಿ ಶತಾಬ್ದಿಯ ವರ್ಷದಲ್ಲಿ ರಾಷ್ಟ್ರೀಯ ಸೇವಾ ಯೋಜನೆ ಹುಟ್ಟಿದ ದಿನವಾದ ಸೆಪ್ಟೆಂಬರ್ 24ರ ಆಸುಪಾಸಿನಲ್ಲಿ ನಮ್ಮ ಕಾಲೇಜಿನಲ್ಲಿ ನಡೆಯುವ ‘ಚಳವಳಿ ಮತ್ತು ಸಾಮಾಜಿಕ ಹೊಣೆಗಾರಿಕೆ’ ಎಂಬ ಉಪನ್ಯಾಸಮಾಲೆಯಲ್ಲಿ ವರ್ಷವರ್ಷವೂ ಹೂಗಳು ಬದಲಾದರೂ ಪದಕ ಮಾತ್ರ ಬದಲಾದುದಿಲ್ಲ. ಆ ಪದಕವೇ ನಮ್ಮ ಮಹನೀಯರು. ವಿದ್ಯಾರ್ಥಿಗಳು ಅವರನ್ನು ಮರೆಯಲ್ಲಿ ‘ಮರದ ಮೇಷ್ಟ್ರು’ ಎನ್ನುವುದುಂಟು. ವಂದನಾರ್ಪಣೆಯ ಭಾರವನ್ನು ಹೊತ್ತವನಾದುದರಿಂದ ನಡುವೆ ಎದ್ದುಹೋಗುವ ಸ್ವಾತಂತ್ರ್ಯವಿಲ್ಲದ ನಾನು, ಅವರನ್ನು ಆದ್ಯಂತವಾಗಿ ಬಲ್ಲೆ.

ಖಾದಿಯ ಜುಬ್ಬ, ಹೆಗಲಿಗೆ ಬಟ್ಟೆಯ ಚೀಲ, ಮುಖದಲ್ಲಿ ಲೋಕದ ಚಿಂತೆಯೆಲ್ಲ ತಮ್ಮೊಬ್ಬರ ಪಾಲಿಗೆ ಬಂದಿತೆಂಬ ಗಂಭೀರ ಸಂತೃಪ್ತಿ. “ಈ ಹಾರ ತುರಾಯಿಗಳೆಲ್ಲ ನನಗೆ ಸೇರುವುದಿಲ್ಲ, ಸ್ವಾಮಿ” ಎನ್ನುತ್ತಿರುವಾಗಲೇ ಅವರ ಕತ್ತು ತಾನಾಗಿ ಮುಂದಕ್ಕೆ ಬಾಗಿರುತ್ತದೆ. ಹಿಂದಿನ ಪರದೆಯ ಮೇಲೆ ಯೋಜನೆಯ ಧ್ಯೇಯವಾಕ್ಯವಾದ ‘ನನಗಲ್ಲ, ನಿನಗೆ’ ಎಂಬುದು ಎದ್ದು ಕಾಣುತ್ತಿರುವಂತೆ, ಅದರ ನೇರ ಕೆಳಗೆ ನಿಂತು ಅವರು ಉಚ್ಚರಿಸುವ ಮೊದಲ ಪದ ‘ನಾನು’.

ಅವರ ಕಥೆಯ ಮೂಲ ದೊಡ್ಡದೇ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ಸೀಮೆಯ ಸಾಲ್ಕಣಿಯ ಹೆಂಗಸರು, ಗಂಡಸರು, ಮಕ್ಕಳು ಕಾಡಿಗೆ ನಡೆದು, ಕೊಡಲಿಗೂ ಮರಕ್ಕೂ ನಡುವೆ ತಮ್ಮ ಮೈಯನ್ನೇ ಒಡ್ಡಿ, ಕಡಿತವನ್ನು ನಿಲ್ಲಿಸಿದರು. ಹಿಮಾಲಯದ ಚಿಪ್ಕೊ ಚಳವಳಿ ನಮ್ಮ ನಾಡಿನಲ್ಲಿ ಅಪ್ಪಿಕೊ ಆದುದು ಹೀಗೆ. ಅಂದು ಮಹನೀಯರೂ ಅಲ್ಲಿದ್ದರಂತೆ. ಇರಲಿಲ್ಲವೆನ್ನಲು ನನ್ನಲ್ಲಿ ಆಧಾರವಿಲ್ಲ, ಮನಸ್ಸೂ ಇಲ್ಲ. ಆದರೆ ನಾನು ಮೊದಲು ಕೇಳಿದ ವರ್ಷ ಅವರು ಅಪ್ಪಿದುದು ಒಂದು ಸಾಧಾರಣ ಹೊನ್ನೆಯ ಮರ, ಒಬ್ಬರ ತೋಳಿಗೆ ಸಲೀಸಾಗಿ ಸಿಕ್ಕುವಂಥದು. ಮೂರನೆಯ ವರ್ಷಕ್ಕೆ ಅದು ಮತ್ತಿಯಾಗಿ ಇಬ್ಬರ ತೋಳನ್ನು ಬೇಡಿತು. ಕಳೆದ ಬಾರಿ ನಾಲ್ವರು ಸೇರಿದರೂ ಬೆರಳಿಗೆ ಬೆರಳು ತಾಗದಷ್ಟು ಬೆಳೆದು ನಂದಿಯ ಮರವಾಗಿತ್ತು; ಉಳಿದ ಮೂವರ ಹೆಸರು ಮಾತ್ರ ಸಮಯಾಭಾವದಿಂದ ಹೊರಬರಲಿಲ್ಲ. ಉಳಿಸು, ಬೆಳೆಸು, ಬಳಸು ಎಂಬುದು ಆ ಚಳವಳಿಯ ಘೋಷವಾಕ್ಯ. ಒಂದೇ ಮರವನ್ನು ಇಷ್ಟು ಜತನದಿಂದ ಉಳಿಸಿ, ಇಷ್ಟು ಶೀಘ್ರವಾಗಿ ಬೆಳೆಸಿ, ಇಷ್ಟು ಕಾಲೇಜುಗಳಲ್ಲಿ ಬಳಸಿದವರು ಇವರಂತೆ ಇನ್ನೊಬ್ಬರು ಇರಲಾರರು.

ಶ್ರೋತೃಗಳ ವಿಷಯ ಹೇಳಬೇಕಾದುದು ಹೆಚ್ಚಿಲ್ಲ. ಸ್ವಯಂಸೇವಕನು ವರ್ಷಕ್ಕೆ 120 ಗಂಟೆ ಸೇವೆ ಸಲ್ಲಿಸಬೇಕು. ಉಪನ್ಯಾಸ ಕೇಳಿದ ಹೊತ್ತೂ ನಮ್ಮಲ್ಲಿ ಆ ಲೆಕ್ಕಕ್ಕೆ ಸೇರುತ್ತದೆ. ಕೇಳುವುದು ಸೇವೆ ಹೇಗಾದೀತೆಂದು ಶಂಕಿಸುವವರು ಒಮ್ಮೆ ಬಂದು ಕುಳಿತು ನೋಡಬೇಕು.

ಆದರೆ ಕಳೆದ ಬಾರಿ ಒಂದು ವಿಶೇಷ ನಡೆಯಿತು. ‘ಪ್ರಶ್ನೆಗಳಿದ್ದರೆ ಕೇಳಬಹುದು’ ಎಂದು, ಯಾರೂ ಕೇಳಲಾರರೆಂಬ ಭರವಸೆಯಿಂದ, ಮಹನೀಯರು ಗಡಿಯಾರ ನೋಡಿಕೊಂಡಾಗ, ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. “ಸರ್, ನಮ್ಮನೆ ಆ ಕಡೇನೇ. ನಮ್ಮ ಅಜ್ಜಿನೂ ಅವತ್ತು ಮರ ಅಪ್ಪಿಕೊಂಡಿದ್ರಂತೆ.”

ಸಭೆ ಎಚ್ಚರವಾಯಿತು. “ಭಲೆ! ಆ ತಾಯಿ ಏನು ಹೇಳುತ್ತಾರಮ್ಮ?” ಎಂದು ಮಹನೀಯರು ಧ್ವನಿವರ್ಧಕದತ್ತ ಬಾಗಿದರು.

“ಜಾಸ್ತಿ ಏನೂ ಹೇಳಲ್ಲ ಸರ್. ಮರದ ಮೇಲೆ ಚಗಳಿ ಇತ್ತಂತೆ, ಕೈ ಬಿಡೋ ಹಾಗಿಲ್ಲವಲ್ಲ, ಚೆನ್ನಾಗಿ ಕಚ್ಚಿಸಿಕೊಂಡರಂತೆ. ಕೇಳಿದಾಗಲೆಲ್ಲ ಅಷ್ಟೇ ಹೇಳಿ ನಗ್ತಾರೆ. ನಿಮಗೂ ಕಚ್ಚಿತ್ತಾ ಸರ್?”

ಮಲೆನಾಡಿನ ಕೆಂಪಿರುವೆಯಾದ ಈ ಚಗಳಿಯ ಕಡಿತವನ್ನು ಒಮ್ಮೆ ಅನುಭವಿಸಿದವನು ಜನ್ಮದಲ್ಲಿ ಮರೆಯುವುದುಂಟೆ? ಮಹನೀಯರು ಕ್ಷಣಕಾಲ ಸುಮ್ಮನಿದ್ದು, ಇದು ಬಹಳ ಮೂಲಭೂತವಾದ ಪ್ರಶ್ನೆಯೆಂದೂ, ಇಂದಿನ ಯುವಜನರಲ್ಲಿ ಇಂಥ ಜಿಜ್ಞಾಸೆ ಅತ್ಯಗತ್ಯವೆಂದೂ ಹೇಳಿ ಕುಳಿತರು. ನಾನು ವಂದಿಸಿದೆ, ಸಭೆ ಮುಗಿಯಿತು.

ಈ ವರ್ಷವೂ ಅವರು ಬಂದಿದ್ದರು. ಮರ ಐವರ ತೋಳಿಗೆ ಬೆಳೆದಿತ್ತು. ಹುಡುಗಿ ಓದು ಮುಗಿಸಿ ಹೊರಟುಹೋಗಿದ್ದಳು. ಭಾಷಣದ ನಡುವೆ ಮಹನೀಯರು ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿ, ಜುಬ್ಬದ ಎರಡು ತೋಳುಗಳನ್ನೂ ಮೊಳಕೈವರೆಗೆ ಮಡಿಚಿ, ಚಗಳಿ ಕಚ್ಚಿದ ಜಾಗವನ್ನು ಸಭೆಗೆ ಕೆರೆದು ತೋರಿಸಿದರು.